ಕಾಲು ಸೊಟ್ಟ ಎಂದವರು

ಅವರ ಬಲಗೈ ಹೆಬ್ಬೆರಳಿನ ಉಗುರು ಉದ್ದಕ್ಕೆ ಬೆಳೆದು, ಸುಣ್ಣ ತಂಬಾಕು ತಿಕ್ಕಿ ತಿಕ್ಕಿ ಹಳದಿಗಟ್ಟಿತ್ತು. ಗಿರಾಕಿ ಬೂಟಿನೊಳಗೆ ಕಾಲು ತೂರಿಸಿದ ಕೂಡಲೇ ಅದರ ತುದಿಯನ್ನು ಆ ಹೆಬ್ಬೆರಳಿನಿಂದ ಒಮ್ಮೆ ಒತ್ತಿ, ಬೀದಿಯ ಕಡೆ ನೋಡುತ್ತ, "ಬರೋಬ್ಬರಿ" ಎನ್ನುತ್ತಿದ್ದರು. ಹಿಮ್ಮಡಿ ಕೂತಿದೆಯೋ, ಬೆರಳು ಮಡಚಿದೆಯೋ, ಅದೆಲ್ಲ ಅವರಿಗೆ ಬೇಕಿಲ್ಲ. ಗಜೇಂದ್ರಗಡದ ಬಸ್‌ಸ್ಟ್ಯಾಂಡ್ ಎದುರಿನ ಚಪ್ಪಲಿ ಅಂಗಡಿ ಅವರದು. ಊರೆಲ್ಲ ಕಾಕಾ ಅನ್ನುತ್ತಿತ್ತು, ನಾನೂ ಅಂದೆ.

ಬಿಗಿಯಾದರೆ "ಹಿಗ್ಗತಾವ ತಗೋರಿ." ಸಡಿಲಾದರೆ "ಹುಡುಗ ಬೆಳೀತಾನ ತಗೋರಿ." ಕಚ್ಚಿ ರಕ್ತ ಬಂತು ಎಂದು ಯಾರಾದರೂ ವಾಪಸು ತಂದರೆ ಮಾತ್ರ ದನಿ ಏರುತ್ತಿತ್ತು: "ಬೂಟ್ ಚಲೋ ಐತ್ರಿ, ನಿಮ್ಮ ಕಾಲಾಗ ದೋಷ ಐತಿ!" ಅವರ ಅಂಗಡಿಗೆ ಕೆಟ್ಟ ಬೂಟು ಎಂದೂ ಬಂದದ್ದೇ ಇಲ್ಲ. ಬಂದದ್ದೆಲ್ಲ ಕೆಟ್ಟ ಕಾಲು. ಇಂಥ ಮನುಷ್ಯನಿಗೆ ಊರು ಕೈಮುಗಿಯುತ್ತಿತ್ತು.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಪಿ.ಟಿ. ಸರ್ ಶಾಲೆಯ ಸಿಮೆಂಟು ಅಂಗಳದಲ್ಲಿ ಸ್ಕೇಟಿಂಗ್ ಕಲಿಸಲು ಶುರು ಮಾಡಿದರು. ಯಾರದೋ ಹಳೇ ಗಾಲಿ ಬೂಟು ಕಟ್ಟಿಕೊಂಡು ಕಲಿತೆ. ಗದಗಿನಲ್ಲಿ ಜಿಲ್ಲಾ ಆಯ್ಕೆ ಎಂದಾಗ ಸ್ವಂತದ್ದು ಬೇಕಾಯಿತು. ಅಪ್ಪ ಮಗ್ಗದಿಂದ ಎದ್ದು ಸೀದಾ ಕಾಕಾನ ಅಂಗಡಿಗೆ ಕರೆದುಕೊಂಡು ಹೋದ. ಕಾಕಾ ಹುಬ್ಬಳ್ಳಿಯಿಂದ ಒಂದು ಜೋಡಿ ತರಿಸಿಕೊಟ್ಟರು. ಅಚ್ಚರಿಯೆಂದರೆ ಅದು ನನ್ನ ಅಳತೆಯದೇ. ನೆಟ್ಟಗೆ ನಿಂತರೆ ಬೆರಳು ಮುಂದೆ ತಾಗುತ್ತಿತ್ತು, ಮೊಣಕಾಲು ಬಗ್ಗಿಸಿದರೆ ಹಿಮ್ಮಡಿ ಹಿಂದಕ್ಕೆ ಸರಿದು ಬೆರಳು ಬಿಡುವಾಗುತ್ತಿತ್ತು. "ಹೀಂಗ ಇರಬೇಕು. ದಿನಾ ಸ್ವಲ್ಪ ಸ್ವಲ್ಪ ಹೊತ್ತು ಮನ್ಯಾಗ ಹಾಕ್ಕೊಂಡು ಕೂಡು, ತಾನ ಒಗ್ಗತೈತಿ," ಎಂದರು ಸರ್.

ಆದರೆ ಹೊಸದು, ಪಾದದ ಗಂಟಿನ ಬಳಿ ತಿಕ್ಕಿ ಕೆಂಪಾಗಿತ್ತು. ಕುಂಟುತ್ತ ಹೋಗುವಾಗ ಕಾಕಾನ ಕಣ್ಣಿಗೆ ಬಿದ್ದೆ.

"ಬೂಟ್ ಇಲ್ಲಿ ಬಿಟ್ಟ ಹೋಗವಾ. ಬೆಣ್ಣಿ ಮಾಡಿ ಕೊಡ್ತೀನಿ."

ಬೇಡ ಎಂದೆ. ಅಪ್ಪ ಕೇಳಬೇಕಲ್ಲ. "ಹಿರ್ಯಾರು ಹೇಳ್ತಾರ, ಕೊಡು," ಎಂದ.

ಕೊಲ್ಹಾಪುರಿ ಚಪ್ಪಲಿಗೆ ಔಡಲೆಣ್ಣೆ ಕುಡಿಸಿ ಹದ ಮಾಡುವುದು ನಮ್ಮ ಕಡೆ ಮಾಮೂಲು. ಬಿಗಿ ಬೂಟಿನೊಳಗೆ ನೆನೆಗಡಲೆ ತುಂಬಿಟ್ಟು ಹಿಗ್ಗಿಸುವವರೂ ಇದ್ದಾರೆ. ಕಾಕಾ ಎರಡನ್ನೂ ಮಾಡಿದರು, ಅದೂ ಪ್ಲಾಸ್ಟಿಕ್ಕಿನ ಬೂಟಿಗೆ! ಪ್ಲಾಸ್ಟಿಕ್ಕು ಜಪ್ಪಯ್ಯ ಎನ್ನಲಿಲ್ಲ. ಒಳಗಿನ ಮೆತ್ತೆ ಮಾತ್ರ ಎಣ್ಣೆ ನೀರು ಎರಡೂ ಕುಡಿದು, ಹೊಲಿಗೆ ಬಿಚ್ಚಿ, ಚಪ್ಪಟೆಯಾಗಿ ನಾರತೊಡಗಿತು. ನಾನು ಹೋದಾಗ ಕಡಲೆ ಮೊಳಕೆ ಒಡೆದಿತ್ತು. ಕಾಕಾ ಅದನ್ನು ಬೊಗಸೆಯಲ್ಲಿ ಬಾಚಿ ಪಕ್ಕದ ಅಂಗಡಿಯ ಆಡಿನ ಮುಂದೆ ಸುರಿದರು. ಆಡು ಮೂಸಿ ಮುಖ ತಿರುಗಿಸಿತು. ಆ ಬೀದಿಯಲ್ಲಿ ಕಾಕಾನ ಕೆಲಸಕ್ಕೆ ಸರಿಯಾದ ಬೆಲೆ ಕಟ್ಟಿದ್ದು ಅದೊಂದೇ.

ಗದಗಿನಲ್ಲಿ ನನ್ನ ಕಾಲು ಆ ಬೂಟಿನೊಳಗೆ ಬುಟ್ಟಿಯಲ್ಲಿನ ಲಿಂಬೆಹಣ್ಣಿನ ಹಾಗೆ ಹೊರಳಾಡಿತು. ಮೊದಲ ತಿರುವಿನಲ್ಲೇ ಬಿದ್ದೆ. ಮೊಣಕೈ ಸುಲಿದದ್ದು ದೊಡ್ಡದಲ್ಲ. ಮರುದಿನ ಕಾಕಾ ಅಂಗಡಿಯ ಕಟ್ಟೆಯ ಮೇಲೆ ಕೂತು ಬಂದವರಿಗೆಲ್ಲ ಹೇಳಿದರು: "ಆ ಹುಡುಗಿ ಕಾಲ ಸೊಟ್ಟ ಅದಾವ್ರಿ. ಬೂಟ್ ಏನ್ ಮಾಡೀತು?"

ಮಾತು ಸಂಜೆಯೊಳಗೆ ನಮ್ಮ ಓಣಿ ಮುಟ್ಟಿತು. ಅವ್ವ ನನ್ನನ್ನು ನಿಲ್ಲಿಸಿ ಕಾಲು ನೋಡಿದಳು, ಹೆತ್ತವಳೇ ಮೊದಲ ಸಲ ನೋಡುವವಳ ಹಾಗೆ. "ನಾಳಿ ನೋಡಾಕ ಬಂದವ್ರು ಇದನ್ನ ಕೇಳಿದ್ರ? ಸಾಕವಾ, ಬಿಡು ಆ ಆಟ." ಬೂಟು ಅಟ್ಟ ಸೇರಿತು. ನಾನು ಅತ್ತೆ. ಅಪ್ಪ ಲಾಳಿ ಎಸೆಯುತ್ತಲೇ ಇದ್ದ.

ಬಸ್‌ಸ್ಟ್ಯಾಂಡಿಗೆ ಹೋದಾಗಲೆಲ್ಲ ಆ ಮುಖ ಕಾಣುತ್ತಿತ್ತು. ಇಂಥವನ ಮಾತಿಗೆ ನನ್ನ ಕಾಲನ್ನು ನಾನೇ ಬಚ್ಚಿಡುವುದೇ ಎಂದು ಮೈ ಉರಿಯಿತು. ಬೂಟು ಇಳಿಸಿದೆ. ನಾರುವ ಮೆತ್ತೆ ಕಿತ್ತೆಸೆದೆ, ಸರ್ ಬೇರೆ ಹಾಕಿಸಿಕೊಟ್ಟರು. ದಿನಾ ರೊಟ್ಟಿ ಬಡಿಯುವ ಅವ್ವನ ಎದುರಿಗೇ ಅದನ್ನು ಕಟ್ಟಿಕೊಂಡು ಕೂತು ಓದಿದೆ, ಬೇಕೆಂತಲೇ. ಮರುವರ್ಷ ಗದಗಿನಲ್ಲಿ ಆಯ್ಕೆಯಾದೆ. ಈಗ ರೋಣದಲ್ಲಿ ಮಕ್ಕಳಿಗೆ ಸ್ಕೇಟಿಂಗ್ ಕಲಿಸುತ್ತೇನೆ.

ಹೋದ ವರ್ಷ ಕಾಕಾ ಹಾಸಿಗೆ ಹಿಡಿದರು. ಸಕ್ಕರೆ ಕಾಯಿಲೆ, ಕಾಲು ಬಾತಿದ್ದವು. ನೋಡಲು ಹೋದೆ. ಕನಿಕರದಿಂದ ಅಲ್ಲ, ಒಂದು ಮಾತು ಕುಟುಕಿ ಬರಬೇಕೆಂದು.

"ನನ್ನ ಕಾಲ ಕೆಟ್ಟ ಹೋದುವವಾ," ಎಂದರು. "ಯಾವ ಚಪ್ಪಲಿನೂ ಏರವಲ್ದು."

ಆ ತಲೆಗೆ ಆಗಲೂ ಚಪ್ಪಲಿಯ ತಪ್ಪು ಹೊಳೆದಿರಲಿಲ್ಲ. ತಾನು ಮಾರಿದ ಸುಳ್ಳನ್ನು ತಾನೇ ಕೊಂಡು ಕೂತಿದ್ದ ಮೂರ್ಖ.

"ಕಾಲಿಂದೇನೂ ತಪ್ಪಿಲ್ರಿ ಕಾಕಾ. ಚಪ್ಪಲಿ ಸಣ್ಣದೈತಿ."

"ಖರೇನು?" ಎಂದರು, ಕಣ್ಣರಳಿಸಿ.

ಕುಟುಕಲು ಬಂದವಳು ಅವರ ಪಾದದ ಬಳಿ ಕೂತೆ. ಅಳತೆ ತೆಗೆದುಕೊಂಡು ಹೋಗಿ ಅಗಲ ಪಟ್ಟಿಯ ಮೆತ್ತನೆ ಚಪ್ಪಲಿ ತಂದುಕೊಟ್ಟೆ. ಅದನ್ನು ಮೆಟ್ಟಿಕೊಂಡು ಅಂಗಡಿಯತನಕ ನಡೆದು ಹೋಗಿ, ತಾವೇ ಎಣ್ಣೆ ಹಚ್ಚಿ ಹದ ಮಾಡಿದ್ದು ಎಂದು ಎಲ್ಲರಿಗೂ ತೋರಿಸಿದರಂತೆ. ದೀಪಾವಳಿಗೆ ಮುಂಚೆ ತೀರಿಕೊಂಡರು.

ಮಣ್ಣಿಗೆ ಹೋಗಿದ್ದೆ. ಜನ ಅವರ ಗುಣಗಾನ ಮಾಡುತ್ತಿದ್ದರು. ಕಾಲು ಸೊಟ್ಟ ಎಂದು ಅವರು ಅನ್ನದೇ ಹೋಗಿದ್ದರೆ ನಾನು ಒಂದು ಸಲ ಬಿದ್ದು, ನಾಲ್ಕು ದಿನ ಅತ್ತು, ಸುಮ್ಮನಾಗುತ್ತಿದ್ದೆ. ನನ್ನನ್ನು ಹರಸಿದವರು ಬಹಳ ಜನ ಇದ್ದಾರೆ, ಅವರಲ್ಲಿ ಯಾರಿಂದಲೂ ನನಗೆ ಇಷ್ಟು ದಕ್ಕಿಲ್ಲ. ಅದಕ್ಕೇ ನನಗೆ ಇನ್ನೂ ಸಿಟ್ಟು.