ಮಡಚಿದವರೇ ಬಿಚ್ಚಬೇಕು

ಛತ್ರಿಯಣ್ಣನನ್ನು ಮೊದಲ ಸಲ ಕಂಡಾಗ ಅವರ ಮುಖ ನನಗೆ ಕಾಣಲಿಲ್ಲ. ಕಂಡದ್ದು ಬಿಳಿ ಬಟ್ಟೆಯ ಮೇಲಂಚನ್ನು ಹಿಡಿದ ಹತ್ತು ಬೆರಳು, ಕೆಳಂಚಿನಡಿ ಒಂದು ಜೊತೆ ಕಪ್ಪು ರಬ್ಬರ್ ಚಪ್ಪಲಿ. ಅದು ಆಸ್ಪತ್ರೆಯ ತಾರಸಿ. ಬೆಳಗಿನ ಹತ್ತು ಗಂಟೆ ದಾಟಿರಬಹುದು. ಹನ್ನೆರಡು ತಂತಿಗಳ ತುಂಬ ಬೆಡ್‌ಶೀಟುಗಳು ಒಣಗುತ್ತಿದ್ದವು. ಗಾಳಿ ಬಂದಾಗ ಎಲ್ಲವೂ ಒಟ್ಟಿಗೆ ಉಬ್ಬುತ್ತಿದ್ದವು, ಗಾಳಿ ನಿಂತಾಗ ಒಟ್ಟಿಗೆ ಉಸಿರು ಬಿಡುತ್ತಿದ್ದವು. ಅವುಗಳ ನಡುವೆ ನಡೆಯುತ್ತ ನಡೆಯುತ್ತ ನನಗೆ ದಾರಿ ತಪ್ಪಿತು. ಅಷ್ಟು ಚಿಕ್ಕ ತಾರಸಿಯಲ್ಲಿ ಯಾರಿಗಾದರೂ ದಾರಿ ತಪ್ಪಬಹುದೆಂದು ನಾನು ಅಂದುಕೊಂಡಿರಲಿಲ್ಲ.

"ಆ ಎರಡು ಮೂಲೆ ಹಿಡೀರಿ," ಎಂದಿತು ಬಟ್ಟೆಯಾಚೆಯ ದನಿ.

ಫೈಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹಿಡಿದೆ. ಅವರು ನನ್ನತ್ತ ನಡೆದು ಬಂದರು, ನಾನು ಅವರತ್ತ ನಡೆದೆ. ಬೆರಳು ಬೆರಳಿಗೆ ತಾಗುವಷ್ಟರಲ್ಲಿ ನನ್ನ ಕೈಯ ಮೂಲೆಗಳನ್ನು ತೆಗೆದುಕೊಂಡರು. ನಾನು ಬಗ್ಗಿ ಕೆಳಗಿನ ಮಡಿಕೆ ಎತ್ತಿದೆ. ಹಿಂದೆ ಸರಿದೆವು, ಮತ್ತೆ ಮುಂದೆ ಬಂದೆವು. ನಾಲ್ಕನೆಯ ಸಲಕ್ಕೆ ಬಟ್ಟೆ ಬರೆಯುವ ಪಾಟಿಯಷ್ಟಾಗಿ, ಅದರ ಮೇಲಿಂದ ಮುಖ ಕಂಡಿತು. ಅರವತ್ತರ ಹತ್ತಿರದ ವಯಸ್ಸು, ಒಪ್ಪವಾಗಿ ಕತ್ತರಿಸಿದ ನರೆಮೀಸೆ, ಎಡಹುಬ್ಬಿನ ಮೇಲೆ ಒಣಗಿದ ಸೋಪಿನ ನೊರೆ. ಅವರು ನನ್ನನ್ನು ನೋಡುವ ಮೊದಲು ಮಡಿಕೆಯ ಅಂಚನ್ನು ನೋಡಿದರು.

ಮನೆಯಲ್ಲಿ ಮಡಚಿ ರೂಢಿಯಿದೆಯೇ ಎಂದು ಕೇಳಿದರು. ಇದೆ ಎಂದೆ. ನಮ್ಮೂರಿನ ಮನೆಯ ಅಂಗಳದಲ್ಲಿ ಅಮ್ಮನೂ ನಾನೂ ದುಪ್ಪಟಿಗಳನ್ನು ಹೀಗೆಯೇ ಮಡಚುತ್ತಿದ್ದೆವು. ಎದುರಿಗೆ ಕೂರಿಸಿಕೊಂಡು ಹೇಳಲಾಗದ್ದನ್ನೆಲ್ಲ ಅಮ್ಮ ಹೇಳುತ್ತಿದ್ದದ್ದು ಆಗಲೇ. ಆದರೆ ಆ ಹೊತ್ತಿಗೆ ಇದು ನನಗೆ ಹೊಳೆದಿರಲಿಲ್ಲ.

ನಾನು ಸಮಾಜಕಾರ್ಯದ ಪದವಿ ಮುಗಿಸಿ ಆ ಆಸ್ಪತ್ರೆಗೆ ಸೇರಿ ಆಗ ಒಂದು ತಿಂಗಳಾಗಿತ್ತು. ಸೈನ್ಯದಿಂದ ನಿವೃತ್ತರಾಗಿ ಬಂದು, ನಿದ್ದೆಯಿಲ್ಲದೆ, ಮಾತಿಲ್ಲದೆ ಮನೆಯ ಮೂಲೆ ಹಿಡಿದವರನ್ನು ಒಂದೆಡೆ ಸೇರಿಸುವುದು ನನಗೆ ಕೊಟ್ಟ ಕೆಲಸ. ಎರಡನೆಯ ಅಂತಸ್ತಿನ ಕೋಣೆಯಲ್ಲಿ ಹತ್ತು ಕುರ್ಚಿಗಳನ್ನು ದುಂಡಗೆ ಹಾಕಿ ಮೂರು ಗುರುವಾರ ಕಾದಿದ್ದೆ. ಬಂದವರು ಒಬ್ಬರೇ, ಸೈನ್ಯದಲ್ಲಿ ಅಡುಗೆ ಮಾಡಿಕೊಂಡಿದ್ದ ದಪ್ಪ ಮನುಷ್ಯ. ಬಾಗಿಲಿಗೆ ಬೆನ್ನು ಮಾಡಿ ಕೂರಲಾರೆನೆಂದು ಕುರ್ಚಿಯನ್ನು ಗೋಡೆಗೆ ಎಳೆದುಕೊಂಡರು. ನನ್ನ ಫಾರಂನಲ್ಲಿ ನಿದ್ದೆ ಬರುತ್ತದೆಯೇ, ಭಯವಾಗುತ್ತದೆಯೇ ಎಂದೆಲ್ಲ ಹದಿನೆಂಟು ಪ್ರಶ್ನೆಗಳಿದ್ದವು. ಹದಿನೆಂಟಕ್ಕೂ 'ಅನ್ವಯಿಸುವುದಿಲ್ಲ' ಎಂದು ಬರೆದು, ಹೊರಡುವಾಗ ನನ್ನ ಮೇಲೆ ಕರುಣೆ ಬಂದಂತೆ, "ಸುಮ್ನೆ ಯಾಕೆ ಕಾಯ್ತೀರಿ ಮೇಡಮ್ಮ, ಎಲ್ರೂ ಮೇಲೆ ಛತ್ರಿ ಹತ್ರ ಇರ್ತಾರೆ," ಎಂದರು.

ಹಾಗೆ ನಾನು ತಾರಸಿ ಹತ್ತಿದ್ದು.

ಛತ್ರಿಯಣ್ಣ ಆಸ್ಪತ್ರೆಯ ಲಾಂಡ್ರಿಯ ಮೇಲ್ವಿಚಾರಕ. ಇಪ್ಪತ್ತೆರಡು ವರ್ಷ ಸೈನ್ಯದಲ್ಲಿ ಅವರು ಮಾಡಿದ್ದು ಒಂದೇ ಕೆಲಸ, ಪ್ಯಾರಾಚೂಟ್ ಮಡಚುವುದು. ಅದಕ್ಕೇ ಆ ಹೆಸರು. ಛತ್ರಿ ಅಂದರೆ ನಮ್ಮ ಕಡೆ ಬೈಗುಳ ಎಂದು ನಾನು ಸಂಕೋಚದಿಂದ ಹೇಳಿದಾಗ, ತನ್ನ ಹೆಂಡತಿಯೂ ಅದೇ ಅರ್ಥದಲ್ಲಿ ಕರೆಯುತ್ತಾಳೆ ಎಂದರು. ನಿವೃತ್ತರಾಗಿ ಬಂದ ಮೊದಲ ವರ್ಷ ಅವರಿಗೆ ಕೈ ಸುಮ್ಮನಿರುತ್ತಿರಲಿಲ್ಲವಂತೆ. ಪರದೆ, ಟವೆಲು, ಮೇಜಿನ ಮೇಲಿನ ಬಟ್ಟೆ, ಕಂಡದ್ದನ್ನೆಲ್ಲ ಮಡಚಿ ಜೋಡಿಸುತ್ತಿದ್ದರು. ಮನೆಯಲ್ಲಿ ಮಡಚದೆ ಉಳಿದಿರುವುದು ತಾನೊಬ್ಬಳೇ ಎಂದು ಹೆಂಡತಿಯೇ ಬೇಸತ್ತು ಈ ಕೆಲಸ ಹುಡುಕಿ ಕೊಟ್ಟರು.

ಸೈನ್ಯದ ಮಡಚುವ ಸಭಾಂಗಣದ ವಿಷಯ ಹೇಳುವಾಗ ಛತ್ರಿಯಣ್ಣನ ದನಿ ತಗ್ಗುತ್ತಿತ್ತು. ಒಂದು ಬೀದಿಯಷ್ಟು ಉದ್ದದ ಮೇಜುಗಳು, ಅವುಗಳ ಮೇಲೆ ನೀರಿನಂತೆ ಹರಿದು ಬಿದ್ದ ಬಟ್ಟೆ, ಎತ್ತರದ ಕಿಟಕಿಗಳಿಂದ ಇಳಿಯುವ ಬೆಳಕು. ಯಾರೂ ಗಟ್ಟಿಯಾಗಿ ಮಾತನಾಡುತ್ತಿರಲಿಲ್ಲ. ಮಡಚಿ ಮುಗಿದ ಮೇಲೆ ದಾರ ಕಟ್ಟಿ, ಚೀಟಿಯಲ್ಲಿ ಸಹಿ ಹಾಕಿ ಸಿಕ್ಕಿಸಬೇಕು. ಆಮೇಲೆ ಅದನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಯಾವತ್ತೋ ಒಂದು ದಿನ ಅಧಿಕಾರಿ ಬಂದು ಒಂದು ಗಂಟನ್ನು ತೋರಿಸಿ, ಇದನ್ನು ಮಡಚಿದವನೇ ಕಟ್ಟಿಕೊಂಡು ಹಾರಲಿ ಎನ್ನುತ್ತಿದ್ದರು. ಛತ್ರಿಯಣ್ಣ ಹಾಗೆ ಏಳು ಸಲ ತನ್ನ ಸಹಿಯನ್ನೇ ಬೆನ್ನಿಗೆ ಕಟ್ಟಿಕೊಂಡು ಆಕಾಶದಿಂದ ಇಳಿದಿದ್ದರು.

ಅವರ ಪಕ್ಕದ ಮೇಜಿನಲ್ಲಿ ಹನ್ನೊಂದು ವರ್ಷ ಮಡಚಿದ ಗೆಳೆಯನೊಬ್ಬ ಇದ್ದ. ನಿವೃತ್ತನಾಗಿ ಊರಿಗೆ ಹೋದ ಎರಡನೆಯ ವರ್ಷ, ಯಾರಿಗೂ ಏನೂ ಹೇಳದೆ ತನ್ನ ಜೀವ ತಾನೇ ತೆಗೆದುಕೊಂಡ. ಛತ್ರಿಯಣ್ಣ ಇದನ್ನು ನನಗೆ ಹೇಳಿದ್ದು ಒಂದೇ ಸಲ, ಅದೂ ಬಟ್ಟೆಯ ಆಚೆಯಿಂದ. ತಾರಸಿಯ ಗುಂಪು ಶುರುವಾದದ್ದು ಆ ಸುದ್ದಿ ಬಂದ ವಾರವೇ.

ಗುಂಪು ಎಂದು ಅವರು ಕರೆಯುತ್ತಿರಲಿಲ್ಲ. ಆಸ್ಪತ್ರೆಗೆ ಗುಳಿಗೆಗೆಂದು ಬಂದ ಹಳೆಯ ಸೈನಿಕರನ್ನು ನಡಿಗೆಯಿಂದಲೇ ಗುರುತಿಸಿ, ಒಂದು ಕೈ ಕಡಿಮೆಯಿದೆ, ಮೇಲೆ ಬರುತ್ತೀರಾ ಎಂದು ಕೇಳುತ್ತಿದ್ದರು. ಅಷ್ಟೇ. ಎಂಟು ಹತ್ತು ಮಂದಿ ಬೆಳಿಗ್ಗೆ ಎರಡು ಗಂಟೆ ಹೊತ್ತು ಮಡಚುತ್ತಿದ್ದರು. ಇಬ್ಬರ ನಡುವೆ ಬಟ್ಟೆ ನಿಂತಾಗ, ಮುಖ ಕಾಣದಾಗ, ಮಾತು ತಾನಾಗಿ ಬರುತ್ತಿತ್ತು. ಮಡಿಕೆ ಚಿಕ್ಕದಾಗಿ ಮುಖ ಕಂಡಾಗ ನಿಲ್ಲುತ್ತಿತ್ತು. ಮುಂದಿನ ಶೀಟಿಗೆ ಮತ್ತೆ ಮುಂದುವರಿಯುತ್ತಿತ್ತು.

ದಿನದ ಕೊನೆಯ ಶೀಟಿಗೆ ಒಂದು ಪದ್ಧತಿಯಿತ್ತು. ಅದನ್ನು ಪ್ರತಿಯೊಬ್ಬರೂ ಪ್ಯಾರಾಚೂಟಿನ ಹಾಗೆ ಉದ್ದುದ್ದ ಮಡಚಿ, ಬಿಗಿದು ಕಟ್ಟಿ, ಚೀಟಿಗೆ ಸಹಿ ಹಾಕಿ, ಮೆಟ್ಟಿಲ ಬಳಿಯ ಕಬ್ಬಿಣದ ಬೀರುವಿನಲ್ಲಿ ಇಡಬೇಕು. ಮರುದಿನ ಬಂದು ತಾವೇ ಬಿಚ್ಚಿ ಕೊಡವಿ ಕೆಲಸ ಶುರು ಮಾಡಬೇಕು. ಮಡಚಿದವರೇ ಬಿಚ್ಚಬೇಕು. ಯಾಕೆಂದು ಯಾರೂ ಕೇಳಿರಲಿಲ್ಲ. ನಾನು ಅದನ್ನು ಸೈನ್ಯದ ಹಳೆಯ ಚಾಳಿ ಎಂದುಕೊಂಡಿದ್ದೆ.

ಅಲ್ಲಿಗೆ ಬರುತ್ತಿದ್ದವರಲ್ಲಿ ಒಬ್ಬರು ಡ್ರೈವರ್. ಬೆಟ್ಟದ ದಾರಿಗಳಲ್ಲಿ ಸೈನ್ಯದ ಲಾರಿ ಓಡಿಸಿದವರು. ಹಿಂದೆ ಬರುತ್ತಿದ್ದ ಲಾರಿ ಒಂದು ದಿನ ಕನ್ನಡಿಯಲ್ಲಿ ಕಾಣಿಸಲಿಲ್ಲ, ಅಲ್ಲಿಂದ ಅವರ ಮಾತು ಕಡಿಮೆಯಾಯಿತು. ಹೆಂಡತಿ ಅವರನ್ನು ಕೈಹಿಡಿದು ಕರೆತಂದಿದ್ದರು. ನಾಲ್ಕು ತಿಂಗಳಲ್ಲಿ ಡ್ರೈವರ್ ಒಂದು ದಿನವೂ ತಪ್ಪಿಸಿರಲಿಲ್ಲ. ಅವರು ದಾರ ಕಟ್ಟುವ ರೀತಿಯೇ ಬೇರೆ, ಲಾರಿಗೆ ಟಾರ್ಪಾಲು ಬಿಗಿಯುವ ಗಂಟು. ಬೇರೆ ದಾರದಲ್ಲಿ ಅವರು ಹಾಕಿ ತೋರಿಸಿದ್ದನ್ನು ನಾನು ಮೂರು ಸಲ ಪ್ರಯತ್ನಿಸಿ ಬಿಚ್ಚಲಾರದೆ ಸೋತಿದ್ದೆ. ಅದನ್ನು ಕಂಡಾಗ ಮಾತ್ರ ಅವರು ನಕ್ಕದ್ದು.

ನಾನು ಕೆಲಸಕ್ಕೆ ಸೇರಿದ ಏಳನೆಯ ತಿಂಗಳಲ್ಲಿ ಆಸ್ಪತ್ರೆಗೆ ಎರಡು ದಿನ ನೀರು ಬರಲಿಲ್ಲ. ಮೂರನೆಯ ಬೆಳಿಗ್ಗೆ ಏಳೂವರೆಗೆ ಮೂರನೆಯ ವಾರ್ಡಿನ ನರ್ಸ್ ಫೋನ್ ಮಾಡಿ ಹಾಸಲು ಒಂದು ಶೀಟೂ ಇಲ್ಲವೆಂದರು. ಛತ್ರಿಯಣ್ಣ ಸೋಪಿನ ಪುಡಿ ತರಲು ಉಗ್ರಾಣಕ್ಕೆ ಹೋಗಿದ್ದರು. ನಾನು ಬೀರು ತೆಗೆದೆ. ಒಗೆದು ಒಣಗಿಸಿದ ಒಂಬತ್ತು ಗಂಟುಗಳು ಸಾಲಾಗಿ ಕುಳಿತಿದ್ದವು. ಶೀಟು ಶೀಟೇ ತಾನೇ ಎಂದುಕೊಂಡು ಎಲ್ಲವನ್ನೂ ಕೆಳಗೆ ಕಳಿಸಿದೆ. ಚೀಟಿಗಳನ್ನು ಮಾತ್ರ ಜೋಪಾನವಾಗಿ ತೆಗೆದು, ಸಹಿ ನೋಡಿ ಜೋಡಿಸಿ, ಕ್ಲಿಪ್ ಹಾಕಿ ಡ್ರಾಯರಿನಲ್ಲಿಟ್ಟೆ. ಕೆಲಸ ಅಚ್ಚುಕಟ್ಟಾಗಿ ಮಾಡಿದೆನೆಂಬ ಸಮಾಧಾನವೂ ನನಗಿತ್ತು.

ಎಂಟು ಗಂಟೆಗೆ ಎಲ್ಲರಿಗಿಂತ ಮೊದಲು ಬಂದವರು ಡ್ರೈವರ್. ಬೀರುವಿನ ಬಾಗಿಲು ತೆಗೆದು ಖಾಲಿ ಹಲಗೆಯನ್ನು ಬಹಳ ಹೊತ್ತು ನೋಡಿದರು. ವಾರ್ಡಿಗೆ ಬೇಕಾಗಿತ್ತು, ಕಳಿಸಿದೆ ಎಂದೆ. ತಲೆಯಾಡಿಸಿದರು.

"ಹಾಗಾದ್ರೆ ಇವತ್ತು ನನ್ನದೇನೂ ಬಾಕಿ ಇಲ್ಲ," ಎಂದರು ಮೆಲ್ಲಗೆ, ಮತ್ತೆ ಮೆಟ್ಟಿಲಿಳಿದು ಹೋದರು.

ಟೀ ಕುಡಿಯಲು ಹೋದರೇನೋ ಎಂದುಕೊಂಡೆ. ಗುಂಪಿನ ಆ ದಪ್ಪ ಅಡುಗೆಯವರು ಬಂದು ಬೀರು ನೋಡಿ, ತನ್ನ ಸಹಿಗೆ ಇಷ್ಟೇ ಮರ್ಯಾದೆಯೇ ಎಂದು ನನ್ನನ್ನು ಛೇಡಿಸಿದರು. ಛತ್ರಿಯಣ್ಣ ಹೆಗಲ ಮೇಲೆ ಸೋಪಿನ ಚೀಲ ಹೊತ್ತು ಬಂದದ್ದು ಅದಾದ ಮೇಲೆ. ನಾನು ನಡೆದದ್ದನ್ನು ಹೇಳಿದೆ. ಡ್ರೈವರ್ ಅಂದ ಮಾತನ್ನು ಹೇಳಿದಾಗ ಚೀಲ ಕೆಳಗಿಳಿಯಿತು.

"ಎಷ್ಟು ಹೊತ್ತಾಯ್ತು?"

"ಹತ್ತು ನಿಮಿಷ ಆಗಿರಬಹುದು, ಅಣ್ಣ."

ಅವರು ಬೈಯಲಿಲ್ಲ. ಡ್ರೈವರ್ ಹೆಂಡತಿಗೆ ಫೋನ್ ಮಾಡಲೂ ಬಸ್ ನಿಲ್ದಾಣದ ಕಡೆ ನೋಡಿಬರಲೂ ಅಡುಗೆಯವರಿಗೆ ಹೇಳಿದರು. ನನ್ನತ್ತ ತಿರುಗಿ, "ಅವನ ಶೀಟು ಹುಡುಕಮ್ಮ. ಬಿಚ್ಚದೆ ಇದ್ರೆ ತಗೊಂಡು ಬಾ," ಎಂದು ಕೆಳಗೋಡಿದರು.

ಆಗಲೇ ನನಗೆ ಆ ಪದ್ಧತಿ ಅರ್ಥವಾದದ್ದು. ಆ ಗಂಟು, ನಾಳೆ ಬರುತ್ತೇನೆಂದು ಒಬ್ಬ ಮನುಷ್ಯ ಹಾಕಿದ ಸಹಿ. ಅದನ್ನು ನಾನು ಎತ್ತಿ ವಾರ್ಡಿಗೆ ಕಳಿಸಿದ್ದೆ.

ಮೂರನೆಯ ವಾರ್ಡಿನಲ್ಲಿ ಇಪ್ಪತ್ತು ಮಂಚ. ಎಲ್ಲದರ ಮೇಲೂ ಬಿಳಿ ಬಟ್ಟೆ, ಎಲ್ಲದರ ಮೇಲೂ ಒಂದೇ ಬೆಳಗಿನ ಬೆಳಕು. ನಿದ್ದೆಗಣ್ಣಿನಲ್ಲಿ ನಡೆದಂತೆ ಒಂದೊಂದೇ ಮಂಚದ ಮುಂದೆ ನಿಂತೆ. ಮಡಿಕೆಯ ಗೆರೆಗಳು ಎಲ್ಲದರ ಮೇಲೂ ಇದ್ದವು, ಯಾರ ಗೆರೆ ಯಾವುದೆಂದು ಹೇಗೆ ತಿಳಿಯಬೇಕು? ಕೊನೆಗೆ ನರ್ಸನ್ನೇ ಕೇಳಿದೆ. ಆಕೆ ಕಿಟಕಿಯ ಬಳಿಯ ಮಂಚ ತೋರಿಸಿದರು. ಅಲ್ಲಿ ಒಬ್ಬ ಮುದುಕಿ ಮಲಗಿದ್ದರು. ಅವರ ನೋಯುವ ಮೊಣಕಾಲಿನಡಿ ಗಟ್ಟಿ ದಿಂಬಿನ ಹಾಗೆ ಒಂದು ಗಂಟಿತ್ತು.

"ಎಂಥ ಗಂಟು ಹಾಕಿದ್ದಾರೆ ಮಹಾರಾಯರು. ಬಿಚ್ಚೋಕೇ ಬರ್ಲಿಲ್ಲ," ಎಂದರು ನರ್ಸ್. ಕತ್ತರಿ ಸಿಗದ್ದರಿಂದ ಹಾಗೆಯೇ ಇಟ್ಟಿದ್ದರು.

ಮುದುಕಿಗೆ ನಿಜವಾದ ದಿಂಬು ಕೊಟ್ಟು, ಗಂಟನ್ನು ಎದೆಗವಚಿಕೊಂಡು ಹೊರಬಂದೆ. ಪಡಸಾಲೆಯ ಕಿಟಕಿಯಿಂದ ಆಸ್ಪತ್ರೆಯ ಹಿಂದಿನ ಅಂಗಳ ಕಾಣುತ್ತಿತ್ತು. ಅಲ್ಲಿ ಚಕ್ರವಿಲ್ಲದ ಹಳೆಯ ಆಂಬುಲೆನ್ಸ್ ಒಂದು ಇಟ್ಟಿಗೆಗಳ ಮೇಲೆ ನಿಂತಿತ್ತು. ಸ್ಟೀರಿಂಗ್ ಹಿಡಿದು ಡ್ರೈವರ್ ಕುಳಿತಿದ್ದರು, ಪಕ್ಕದ ಸೀಟಿನಲ್ಲಿ ಛತ್ರಿಯಣ್ಣ. ಇಬ್ಬರೂ ಒಡೆದ ಗಾಜಿನಾಚೆಯ ಖಾಲಿ ಗೋಡೆಯನ್ನು ದೂರದ ರಸ್ತೆಯನ್ನು ನೋಡುವಂತೆ ನೋಡುತ್ತಿದ್ದರು.

ನಾನು ಕೆಳಗೆ ಹೋಗಿ ಆಂಬುಲೆನ್ಸಿನ ಕಿಟಕಿಯಿಂದ ಗಂಟನ್ನು ಒಳಗೆ ಚಾಚಿದೆ. "ಬಿಚ್ಚಿಲ್ಲ. ತಪ್ಪು ನಂದು," ಎಂದೆ. ಡ್ರೈವರ್ ಅದನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳಿನಿಂದ ಗಂಟಿನ ಸುತ್ತುಗಳನ್ನು ಒಂದೊಂದಾಗಿ ತಡವಿದರು.

"ನಂದೇ," ಎಂದರು.

"ನಿಂದೇ ಅಂದ್ಮೇಲೆ ಮೇಲೆ ಬಂದು ಬಿಚ್ಚು. ಇಲ್ಲಿ ಕೂತು ಗೋಡೆಗೆ ಹಾರ್ನ್ ಹೊಡೆದ್ರೆ ಅದೇನು ಸೈಡ್ ಕೊಡಲ್ಲ," ಎಂದರು ಛತ್ರಿಯಣ್ಣ.

ಡ್ರೈವರ್ ತುಟಿ ಅಲುಗಿತು. ಬಾಗಿಲು ತೆಗೆದು ಇಳಿದರು.

ತಾರಸಿಯಲ್ಲಿ ಅವರು ಒಂದೇ ಎಳೆತಕ್ಕೆ ಗಂಟು ಬಿಚ್ಚಿದರು. ಶೀಟು ಗಾಳಿಗೆ ಬಿಚ್ಚಿಕೊಂಡು ಒಂದು ಕ್ಷಣ ನಮ್ಮೆಲ್ಲರ ತಲೆಯ ಮೇಲೆ ಉಬ್ಬಿ ನಿಂತು, ನಿಧಾನ ಇಳಿಯಿತು. ಎದುರಿನ ಮೂಲೆಗಳನ್ನು ಹಿಡಿಯಲು ಛತ್ರಿಯಣ್ಣ ನನಗೆ ಸನ್ನೆ ಮಾಡಿದರು. ಬಟ್ಟೆಯಾಚೆ ಡ್ರೈವರ್ ಕಾಣಲಿಲ್ಲ, ಅವರ ದನಿ ಮಾತ್ರ ಬಂತು.

"ದಿನಾ ಸಂಜೆ ಅಂದ್ಕೊಳ್ತೀನಿ, ಇನ್ನು ಸಾಕು ಅಂತ. ಆಮೇಲೆ ನೆನಪಾಗುತ್ತೆ, ಬೀರುನಲ್ಲಿ ನಂದೊಂದು ಇದೆ, ಅದನ್ನ ಬಿಚ್ಚಿ ಆಮೇಲೆ ನೋಡೋಣ ಅಂತ. ಹಂಗೇ ನಾಲ್ಕು ತಿಂಗಳಾಯ್ತು ತಂಗಿ."

ಒಂದು ಹೆಜ್ಜೆ ಮುಂದಿಟ್ಟೆ, ಅವರೂ ಇಟ್ಟರು. ಮನಸ್ಸಿನ ಡಾಕ್ಟರನ್ನು ಇವತ್ತೇ ನೋಡೋಣವೇ ಎಂದು ಬಟ್ಟೆಯಾಚೆಗೇ ಕೇಳಿದೆ. ಛತ್ರಿ ಜೊತೆಗೆ ಬಂದರೆ ಬರುತ್ತೇನೆ ಎಂದರು. ಅಷ್ಟರಲ್ಲಿ ಮೆಟ್ಟಿಲು ಹತ್ತಿ ಬಂದ ಡ್ರೈವರ್ ಹೆಂಡತಿ ಏದುಸಿರು ಬಿಡುತ್ತ ನಿಂತರು. ನನ್ನ ಕೈಯಿಂದ ಎರಡು ಮೂಲೆಗಳನ್ನು ತೆಗೆದುಕೊಂಡು ಮಿಕ್ಕ ಮಡಿಕೆಗಳನ್ನು ತಾವೇ ಮಡಚಿದರು.

ಅವತ್ತು ಮಧ್ಯಾಹ್ನ ನಾನು ಎರಡನೆಯ ಅಂತಸ್ತಿನ ಕೋಣೆಯ ಬೀಗದ ಕೈಯನ್ನು ಕಚೇರಿಗೆ ಹಿಂದಿರುಗಿಸಿದೆ. ಬೀರುವಿಗೆ ಹೊಸ ಬೀಗ ತಂದೆ. ಅದರ ಕೀಲಿ ಡ್ರೈವರ್ ಬಳಿ ಇದೆ.

ಛತ್ರಿಯಣ್ಣ ಈಗ ಲಾಂಡ್ರಿಯಿಂದಲೂ ನಿವೃತ್ತರಾಗಿದ್ದಾರೆ. ವಾರಕ್ಕೆ ಆರು ದಿನ ಬೆಳಿಗ್ಗೆ ಎಂಟಕ್ಕೆ ತಾರಸಿಗೆ ಬರುತ್ತಾರೆ. ಹದಿನಾಲ್ಕು ಮಂದಿಯೊಂದಿಗೆ ಹತ್ತೂವರೆವರೆಗೆ ಶೀಟು ಮಡಚುತ್ತಾರೆ. ಯಾರಾದರೂ ಬರದಿದ್ದರೆ, ಅವರ ಗಂಟನ್ನು ಬಿಚ್ಚದೆ ಕೈಚೀಲದಲ್ಲಿ ಹಾಕಿಕೊಂಡು ಅವರ ಮನೆಗೆ ಹೋಗುತ್ತಾರೆ.