ಡ್ರೈವರಕ್ಕ ವಿಮಾನ ಇಳಿಸಲು ಕಲಿತದ್ದು

ಆಸ್ಪತ್ರೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವಳು ಡ್ರೈವರಕ್ಕ. ಮಗಳು ಹುಟ್ಟುವ ಮುಂಚಿನಿಂದಲೂ ಆಂಬುಲೆನ್ಸ್ ಓಡಿಸುತ್ತಿದ್ದವಳು. ದೂರದ ದ್ವೀಪಗಳಿಂದ ರೋಗಿಗಳನ್ನು ಕರೆತರಲು ಆಸ್ಪತ್ರೆಯವರು ಪುಟ್ಟ ವಿಮಾನವೊಂದನ್ನು ಕೊಂಡು, ಹಾರಿಸಲು ಕಲಿಯುವವರು ಯಾರೆಂದು ಕೇಳಿದಾಗ, ಉಳಿದ ಡ್ರೈವರುಗಳು ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ಇವಳು ಕೈ ಎತ್ತಿಬಿಟ್ಟಿದ್ದಳು.

"ನೆಲ ಸಾಲಲಿಲ್ವೇನೇ ನಿನಗೆ?" ಎಂದು ಅತ್ತೆ ಗಲ್ಲಕ್ಕೆ ಕೈ ಹಚ್ಚಿದರು.

ಬೇಕರಿಯಲ್ಲಿ ಬ್ರೆಡ್ ಮಾಡುವ ಗಂಡ ನಕ್ಕ. "ಇವಳು ಹೂಂ ಅಂದ್ಮೇಲೆ ಮುಗೀತಮ್ಮ. ನಮ್ಮ ಮದುವೆ ಆಗಿದ್ದೂ ಹಾಗೇ ಅಲ್ವಾ?"

ವಿಮಾನ ತರಬೇತಿ ಶಾಲೆಯಲ್ಲಿ ಕಲಿಸುವವರು ವಯಸ್ಸಾದವರು. ಹಾರುವಷ್ಟು ಹೊತ್ತೂ ಬಾಯೊಳಗೇ ಏನಾದರೂ ಗೊಣಗುತ್ತಿದ್ದುದರಿಂದ ಶಿಷ್ಯರು ಅವರಿಗೆ ಗೊಣಗು ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಏರುವುದು, ತಿರುಗಿಸುವುದು ಡ್ರೈವರಕ್ಕನಿಗೆ ನೀರು ಕುಡಿದಷ್ಟು ಸುಲಭವಾಯಿತು. ಇಳಿಸುವುದು ಮಾತ್ರ ಕಬ್ಬಿಣದ ಕಡಲೆ. ಚಕ್ರ ನೆಲ ಮುಟ್ಟಿತೆಂದರೆ ಅವಳ ಕೈಗಳಿಗೆ ಅದು ಮತ್ತೆ ಆಂಬುಲೆನ್ಸೇ.

"ನೆಲದ ಮೇಲೆ ಇದನ್ನ ತಿರುಗಿಸೋದು ಕಾಲಿನ ಪೆಡಲಿಂದ ಕಣಮ್ಮಾ, ಕೈಯಿಂದಲ್ಲ," ಎಂದು ಹೇಳಿ ಹೇಳಿ ಮೇಷ್ಟ್ರಿಗೆ ಸಾಕಾಗಿತ್ತು.

ಆ ದಿನ ಬೆಳಿಗ್ಗೆ ಎಡಗಡೆಯಿಂದ ಗಾಳಿ ಬೀಸುತ್ತಿತ್ತು. ವಿಮಾನ ಹೂವಿನಂತೆ ಇಳಿಯಿತು. ಮೇಷ್ಟ್ರು "ಭೇಷ್" ಎನ್ನುವಷ್ಟರಲ್ಲಿ ಗಾಳಿ ಬಾಲಕ್ಕೆ ಬಡಿದು ಮೂತಿ ಎಡಕ್ಕೆ ಹೊರಳಿತು. ಅವಳ ಕೈ ತಾನಾಗಿಯೇ ಸ್ಟಿಯರಿಂಗಿನಂಥ ಹಿಡಿಯನ್ನು ಬಲಕ್ಕೆ ತಿರುಗಿಸಿತು. ಎಡ ರೆಕ್ಕೆ ಮೇಲೆದ್ದಿತು.

"ಕಾಲು! ಕಾಲು!" ಎಂದು ಕೂಗುತ್ತ ಮೇಷ್ಟ್ರು ತಮ್ಮ ಕಡೆಯ ಪೆಡಲನ್ನು ತುಳಿದರು. ಆದರೆ ಹೊತ್ತು ಮೀರಿತ್ತು. ವಿಮಾನ ರನ್‌ವೇ ಬಿಟ್ಟು ಹುಲ್ಲಿಗೆ ನುಗ್ಗಿತು. ಮುಂದಿನ ಚಕ್ರ ಚರಂಡಿಗೆ ಸಿಕ್ಕಿ ಮುರಿಯಿತು, ಮೂತಿ ಮಣ್ಣಿಗೆ ಊರಿತು, ಪ್ರೊಪೆಲ್ಲರ್ ಬಾಗಿ ಎಂಜಿನ್ ನಿಂತಿತು.

ಅವಳು ಪೆಟ್ರೋಲ್ ಬಂದ್ ಮಾಡಿ, ಸ್ವಿಚ್ಚುಗಳನ್ನು ಆರಿಸಿ, ಪಕ್ಕಕ್ಕೆ ತಿರುಗಿದಳು. ಮೇಷ್ಟ್ರು ಭುಜ ಹಿಡಿದುಕೊಂಡು ಮುಖ ಕಿವುಚಿದ್ದರು.

"ಕೈ ಎತ್ತಬೇಡಿ ಸಾರ್. ಕುತ್ತಿಗೆ ನೋಯ್ತಿದ್ಯಾ? ಕಾಲ್ಬೆರಳು ಆಡಿಸಿ ನೋಡೋಣ."

"ಆಡ್ತಿದೆ. ಭುಜಾನೇ ಏನೋ ಆಗಿದೆ."

ತನ್ನ ಸ್ಕಾರ್ಫ್ ಬಿಚ್ಚಿ ಅವರ ಕೈಗೆ ಜೋಲಿ ಕಟ್ಟಿದಳು. ಮೆಲ್ಲಗೆ ಇಳಿಸಿ, ವಿಮಾನದಿಂದ ದೂರ ಕರೆದೊಯ್ದು ಹುಲ್ಲಿನ ಮೇಲೆ ಕೂರಿಸಿದಳು.

ಬಂದದ್ದು ಅವಳದೇ ಆಂಬುಲೆನ್ಸ್. ಅವಳ ಬದಲಿಗೆ ಬಂದಿದ್ದ ಹೊಸಬ ಓಡಿಸುತ್ತಿದ್ದ. ಒಂದೊಂದು ಗುಂಡಿಗೂ ಮೇಷ್ಟ್ರು "ಅಯ್ಯಪ್ಪಾ" ಎನ್ನುವಾಗ ಪಕ್ಕದಲ್ಲಿ ಕೂತಿದ್ದವಳ ಕಣ್ಣು ತುಂಬಿತು.

"ನನ್ನಿಂದ ಹೀಗಾಯ್ತಲ್ಲ ಸಾರ್..."

"ಆಮೇಲೆ ಅಳುವೆಯಂತೆ. ಮೊದಲು ಆ ಮಹಾರಾಯನಿಗೆ ನಿಧಾನಕ್ಕೆ ಹೋಗು ಅನ್ನು!"

ಮನೆಗೆ ಬಂದವಳು ಇನ್ನು ವಿಮಾನದ ಸಹವಾಸವೇ ಬೇಡವೆಂದು ಹೇಳಿ ಮೂಲೆ ಹಿಡಿದಳು. ಅತ್ತೆ ಬಂದು ಪಕ್ಕದಲ್ಲಿ ಕೂತರು.

"ನಿನ್ನ ಗಂಡ ಕೆಲಸ ಕಲಿಯೋವಾಗ ಎಷ್ಟು ಬ್ರೆಡ್ ಕರಕಲು ಮಾಡಿದ್ದಾನೆ ಗೊತ್ತಾ? ಅಷ್ಟನ್ನೂ ತಿಂದವಳು ನಾನು. ಹೋಗು, ಕಲಿ."

ಕಾಲರ್ ಬೋನ್ ಮುರಿದಿದ್ದ ಮೇಷ್ಟ್ರು ಹಾರುವಂತಿರಲಿಲ್ಲ; ಕಲಿಸುವುದನ್ನೇನೂ ಬಿಡಲಿಲ್ಲ. ಶಾಲೆಯ ಇನ್ನೊಂದು ವಿಮಾನದಲ್ಲಿ ಅವಳನ್ನು ಕೂರಿಸಿ, "ಕೈ ಎರಡೂ ತೊಡೆ ಮೇಲೆ," ಎಂದರು. ಬರೀ ಕಾಲಿನಿಂದ ಮೈದಾನದ ಆ ತುದಿಗೆ, ಮತ್ತೆ ಈ ತುದಿಗೆ. ವಿಮಾನ ಬಾತುಕೋಳಿಯಂತೆ ವಾಲಾಡುತ್ತ ಹೋಗುವುದನ್ನು ಕಂಡು ಮೆಕ್ಯಾನಿಕ್ಕುಗಳು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅವಳೂ ನಕ್ಕಳು. ನಗುನಗುತ್ತಲೇ ಕಾಲಿಗೆ ಬುದ್ಧಿ ಬಂತು.

ಮೂಳೆ ಕೂಡಿದ ಮೇಲೆ ಇಬ್ಬರೂ ಮತ್ತೆ ಹಾರಿದರು. ಅಂಥದೇ ಅಡ್ಡಗಾಳಿಯಲ್ಲಿ ವಿಮಾನ ನೆಟ್ಟಗೆ ಇಳಿದು ನೆಟ್ಟಗೇ ಓಡಿತು. ಲೈಸೆನ್ಸ್ ಬಂದು, ಬೇರೊಬ್ಬ ಪೈಲಟ್ ಜೊತೆ ಕೆಲಕಾಲ ಹಾರಿ ಪಳಗಿದ ಮೇಲೆ, ಅವಳು ಒಬ್ಬಳೇ ದ್ವೀಪಕ್ಕೆ ಹೋಗಿ ಎದೆನೋವಿನ ಮೀನುಗಾರನೊಬ್ಬನನ್ನು ಕರೆತಂದಳು. ಅವನನ್ನು ನರ್ಸುಗಳಿಗೆ ಒಪ್ಪಿಸಿ ಮನೆಗೆ ಫೋನ್ ಮಾಡಿದಳು.

"ಇಳಿದೆ."

"ಊಟಕ್ಕೆ ಬರ್ತೀಯಾ?" ಎಂದ ಗಂಡ.

"ಬರ್ತೀನಿ. ಸಿಕ್ಕಾಪಟ್ಟೆ ಹಸಿವು."