ಬಸ್ಸಿನ ಏಣಿಗೆ ಕಟ್ಟಿದ ಅರಿವೆ

ಗಿರಣಿ ಹುಸೇನಸಾಬರ ಹುಬ್ಬು ಕಪ್ಪಗಿದೆ ಎಂದು ನನಗೆ ಗೊತ್ತಾಗಲು ಎರಡು ವರ್ಷ ಬೇಕಾಯಿತು. ಹಡಗಲಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಹಿಟ್ಟಿನ ಗಿರಣಿ. ಅದರ ಎದುರಿಗೇ ನನ್ನ ಬಾಡಿಗೆ ಮನೆ. ಬೆಳಿಗ್ಗೆ ಮಾಗಳದ ಶಾಲೆಗೆ ಪಾಠ ಹೇಳಲು ಹೊರಡುವಾಗಲೂ, ಸಂಜೆ ತಿರುಗಿ ಬರುವಾಗಲೂ ಅವರು ಒಂದೇ ಥರ ಕಾಣುತ್ತಿದ್ದರು. ಹುಬ್ಬು ಬಿಳಿ, ರೆಪ್ಪೆ ಬಿಳಿ, ಕಿವಿಯ ಮೇಲಿನ ಕೂದಲೂ ಬಿಳಿ. ವಯಸ್ಸಾದವರೆಂದು ಬಗೆದು ಮೊದಲ ದಿನವೇ "ಅಜ್ಜಾರೇ" ಎಂದುಬಿಟ್ಟಿದ್ದೆ.

"ಕರೀರಿ ಅಕ್ಕೋರೇ, ಬ್ಯಾಡ ಅನ್ನಂಗಿಲ್ಲ. ಆದ್ರ ನಮ್ಮಾಕಿ ಮುಂದ ಮಾತ್ರ ಕರೀಬ್ಯಾಡ್ರಿ. ಆಕಿ ಇನ್ನೂ ಸಣ್ಣಾಕಿ ಅದಾಳ, ಅಜ್ಜಗ ಕೊಟ್ರು ಅಂತ ಅಳ್ತಾಳ," ಎಂದು ನಕ್ಕಿದ್ದರು. ನಕ್ಕಾಗ ಕೆನ್ನೆಯ ಮೇಲಿನ ಹಿಟ್ಟು ಸಣ್ಣಗೆ ಉದುರಿತು.

ತೊಂಬತ್ತರ ದಶಕದ ನಡುವಿನ ಮಾತು. ಕರೆಂಟು ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಜನ ಜೋಳ ಹಸನು ಮಾಡಿ, ಡಬ್ಬಿಗೆ ತುಂಬಿ, ತಲೆಯ ಮೇಲೆ ಹೊತ್ತು ತರುವರು. ಮೋಟರು ಸುಮ್ಮನೆ ಕೂತಿರುವುದು. ಹುಸೇನಸಾಬರು ಇದಕ್ಕೆಂದೇ ಬಾಗಿಲ ಪಕ್ಕ ಒಂದು ಕರಿಹಲಗೆ ತೂಗುಹಾಕಿದ್ದರು. ಶಾಲೆಯಲ್ಲಿ ಸವೆದು ಉಗುರಿನಷ್ಟಾದ ಚಾಕ್‌ಪೀಸುಗಳನ್ನು ನಾನು ಪೊಟ್ಟಣ ಕಟ್ಟಿ ತಂದುಕೊಡುತ್ತಿದ್ದೆ. ಅವುಗಳಿಂದ ಅವರು ದಿನಾ ಏನಾದರೊಂದು ಬರೆಯುತ್ತಿದ್ದರು.

"ಕರೆಂಟ್ ಹತ್ತಕ್ಕ ಬಂತು. ಎಷ್ಟೊತ್ತು ಇರತೈತಿ ನಮಗೂ ಗೊತ್ತಿಲ್ಲ."

"ಕಲ್ಲಿಗೆ ಉಳಿ ಹೊಡೆಸೀವಿ. ಮೊದಲ ಹಿಟ್ಟಿನ್ಯಾಗ ಹಳ್ಳು ಇರತೈತಿ. ಅವಸರ ಇಲ್ಲದವರು ನಾಳಿ ಬರ್ರಿ."

"ಯಾರದೋ ಹಿತ್ತಾಳಿ ಡಬ್ಬಿ ಉಳಿದೈತಿ. ಮುಚ್ಚಳ ನೆಗ್ಗೈತಿ. ಬರೂಮುಂದನ ನೆಗ್ಗಿತ್ತು."

ಬೀಸಿಸುವುದಿಲ್ಲದಿದ್ದರೂ ಜನ ಆ ಹಲಗೆ ಓದಿಕೊಂಡು ಹೋಗುತ್ತಿದ್ದರು. ಓದಲು ಬಾರದವರು ಬರುವವರಿಂದ ಓದಿಸಿಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ನೋಡಿದರೆ ಅವರ ಬರಹದ ಕೆಳಗೆ ಯಾರೋ ಸುಣ್ಣದಿಂದ ಗೀಚಿದ್ದರು: "ನಿನ್ನಿ ಹಿಟ್ಟು ಬರೇ ತರಿ. ರೊಟ್ಟಿ ಹರೀತು." ನಾನೇ ಅಳಿಸಲು ಹೋದೆ. ಹುಸೇನಸಾಬರು ಗಿರಣಿಯ ಬೆಲ್ಟು ಬಿಗಿಯುತ್ತಿದ್ದವರು ಕೂಗಿದರು.

"ಅಳಿಸಬ್ಯಾಡ್ರಿ ಅಕ್ಕೋರೇ! ಅಳಿಸಿದ್ರ ಅವ್ರು ಮನಿ ಮನಿಗಿ ಹೋಗಿ ಹೇಳ್ತಾರ. ಇಲ್ಲೇ ಇದ್ರ ನನ್ನ ಉತ್ತರಾನೂ ಕೆಳಗ ಇರತೈತಿ."

ಕೈ ಒರೆಸಿಕೊಂಡು ಬಂದು ಕೆಳಗೆ ಬರೆದರು: "ಖರೇ. ಡಬ್ಬಿ ತರ್ರಿ, ತಿರುಗಿ ಬೀಸಿ ಕೊಡ್ತೀನಿ." ಮಧ್ಯಾಹ್ನದ ಹೊತ್ತಿಗೆ ಇಬ್ಬರು ಡಬ್ಬಿ ತಂದರು. ಬರೆದವರು ಅವರಲ್ಲಿ ಯಾರೆಂದು ಸಾಬರು ಕೇಳಲಿಲ್ಲ; ಇಬ್ಬರದನ್ನೂ ಬೀಸಿಕೊಟ್ಟರು.

ಹಲಗೆಯಿಂದ ಓಣಿಯವರಿಗೇನೋ ಅನುಕೂಲವಾಯಿತು. ಮಾಗಳದಿಂದ ಬಸ್ಸಿನಲ್ಲಿ ಜೋಳ ತರುವವರು ಏನು ಮಾಡಬೇಕು? ಅದಕ್ಕೆ ಸಾಬರು ಕಂಡುಕೊಂಡ ದಾರಿ ನನಗೆ ಈಗಲೂ ನಗು ತರಿಸುತ್ತದೆ. ಕರೆಂಟು ಬಂದೊಡನೆ ಬಸ್‌ಸ್ಟ್ಯಾಂಡಿಗೆ ಓಡಿ, ಮಾಗಳದ ಬಸ್ಸಿನ ಹಿಂದಿನ ಏಣಿಗೆ ಹಿಟ್ಟಿನ ಚೀಲದ ಬಿಳಿ ಅರಿವೆಯೊಂದನ್ನು ಕಟ್ಟುವುದು. ಬಸ್ಸು ಊರು ಹೊಕ್ಕಾಗ ಏಣಿಯಲ್ಲಿ ಅರಿವೆ ಹಾರಾಡುತ್ತಿದ್ದರೆ ಗಿರಣಿ ನಡೆದಿದೆ ಎಂದರ್ಥ. ಇಲ್ಲದಿದ್ದರೆ ಡಬ್ಬಿ ಎತ್ತುವುದೇ ಬೇಡ. ಬಸ್ಸು ತಿರುಗಿ ಬಂದ ಮೇಲೆ ಕಂಡಕ್ಟರು ಅರಿವೆ ಬಿಚ್ಚಿಕೊಡಬೇಕು. ಅದಕ್ಕೆ ಪ್ರತಿಯಾಗಿ ಕಂಡಕ್ಟರ ಮನೆಯ ಗೋಧಿಯನ್ನು ಸಾಬರು ಯಾವತ್ತೂ ಪಾಳಿ ಇಲ್ಲದೆ ಬೀಸಿಕೊಡುತ್ತಿದ್ದರು.

ಅಷ್ಟರಲ್ಲಿ ಓಣಿಯ ಇನ್ನೊಂದು ತುದಿಗೆ ಕೊಟ್ರಪ್ಪ ಎಂಬವರು ಡೀಸೆಲ್ ಎಂಜಿನ್ನಿನ ಗಿರಣಿ ಹಾಕಿದರು. ಕರೆಂಟಿನ ಹಂಗಿಲ್ಲ, ಯಾವಾಗ ಬೇಕಾದರೂ ಬೀಸುತ್ತದೆ. ಓಣಿಯ ಅರ್ಧ ಗಿರಾಕಿ ಆ ಕಡೆ ಹೊರಳಿತು. ಹುಸೇನಸಾಬರಿಗೆ ಗಟ್ಟಿಯಾಗಿ ಉಳಿದದ್ದು ಮಾಗಳದವರು ಮಾತ್ರ. ಅವರೂ ಹೋದರೆ ಗಿರಣಿ ಮುಚ್ಚುವುದೇ ಎಂದು ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಸಾಬರು ಮಾತ್ರ ಅದನ್ನು ಬಾಯಿಬಿಟ್ಟು ಆಡುತ್ತಿರಲಿಲ್ಲ.

ಆ ವರ್ಷ ಪಂಚಮಿ ಸೋಮವಾರಕ್ಕೆ ಬಿದ್ದಿತ್ತು. ಅದರ ಹಿಂದಿನ ಶನಿವಾರ ನನಗೆ ಮುಂಜಾನೆಯ ಶಾಲೆ. ಬಿಟ್ಟು ಬಂದಾಗ ಮಾಗಳದ ಬಸ್ಸು ನಿಂತಿತ್ತು; ಏಣಿಯಲ್ಲಿ ಬಿಳಿ ಅರಿವೆ. ಉಂಡಿಗೆ ಕಡಲೆಬೇಳೆ, ಅಳ್ಳಿಟ್ಟಿಗೆ ಹುರಿದ ಜೋಳ, ರೊಟ್ಟಿಗೆ ಜೋಳ ಎಂದು ಇಪ್ಪತ್ತು ಮಂದಿಯಾದರೂ ಡಬ್ಬಿ ಚೀಲ ಹೊತ್ತು ನುಗ್ಗಿದರು. ನನ್ನ ತೊಡೆಯ ಮೇಲೆ ಹನುಮಕ್ಕ ತನ್ನ ಡಬ್ಬಿ ಇಟ್ಟಳು. ನಮ್ಮ ಶಾಲೆಯ ಹಿಂದಿನ ಮನೆಯವಳು. ಮೂರು ಊರಿಗೆ ಕೇಳುವ ಬಾಯಿ.

"ಮಗಳು ಮದುವ್ಯಾದಮ್ಯಾಲ ಮೊದಲ ಪಂಚಮಿಗಿ ಬರಾಕತ್ಯಾಳ್ರಿ ಅಕ್ಕೋರೇ. ಅಳಿಯಾನೂ ಬರ್ತಾನ. ಇವತ್ತ ಬೀಸಿಸಲಿಲ್ಲಂದ್ರ ನನ್ನ ಮಾನ ಹೋತು," ಎಂದಳು.

ಅರ್ಧ ದಾರಿ ಬಂದಿದ್ದೆವು. ಬಸ್ಸು ಗಕ್ಕನೆ ನಿಂತಿತು. ರಸ್ತೆಯ ನಡುವೆ ಸೈಕಲ್ಲನ್ನು ಅಡ್ಡಹಾಕಿ ಒಬ್ಬ ಮನುಷ್ಯ ಎರಡೂ ಕೈ ಎತ್ತಿ ನಿಂತಿದ್ದ. ಡ್ರೈವರು ಬೈದ. ಆತ ಏದುಸಿರು ಬಿಡುತ್ತ ಬಸ್ಸು ಹತ್ತಿದ. ಮೈಯೆಲ್ಲ ಬೆವರು, ದಟ್ಟವಾದ ಕಪ್ಪು ಹುಬ್ಬು. ಎಲ್ಲೋ ನೋಡಿದ್ದೇನಲ್ಲ ಎಂದುಕೊಂಡೆ. ದನಿ ಕೇಳಿದ ಮೇಲೆಯೇ ನನಗೆ ಗುರುತು ಹತ್ತಿದ್ದು.

"ಯವ್ವಾ, ಅಣ್ಣಾರೇ, ಎಲ್ಲಾರೂ ಕೇಳ್ರಿ. ಮೋಟರ್ ಸುಟ್ಟೈತಿ. ಗಿರಣಿ ಬಂದ್."

ಬಸ್ಸಿನಲ್ಲಿ ಗದ್ದಲವೆದ್ದಿತು. ಎಲ್ಲರಿಗಿಂತ ಮೇಲೆ ಹನುಮಕ್ಕನ ದನಿ: "ಹಂಗಾರ ಆ ಅರಿವಿ ಯಾಕ ಕಟ್ಟಿದ್ಯೋ ಹುಸೇನಾ? ನಮ್ಮನ್ನ ಮೆರವಣಿಗಿ ಮಾಡಿಸಾಕನು?"

"ಕಟ್ಟೂಮುಂದ ಚಲೋ ಇತ್ತವ್ವ. ಬಸ್ ಬಿಟ್ಟು ಹೋತು, ಹಿಂದಿಂದ ಹೊಗಿ ಬಂತು. ಕಟ್ಟಿ ಕಳಿಸಿದ್ದನ್ನ ನಾ ಹೆಂಗ ಹಿಂದಕ ಕರೀಲಿ? ಅದಕ್ಕ ನಾನ ಬಂದೀನಿ."

"ಬಂದು ಏನು ಮಾಡ್ತಿ? ಬೀಸುಕಲ್ಲು ತಂದಿಯೇನು ಸೈಕಲ್ ಮ್ಯಾಲ?" ಹಿಂದಿನ ಸೀಟಿನಿಂದ ಯಾರೋ ಕೇಳಿದರು. ಕೆಲವರು ನಕ್ಕರು. ಸಾಬರು ನಗಲಿಲ್ಲ.

"ತಿರುಗಿ ಹೋಗಾವ್ರು ಇಲ್ಲೇ ಇಳೀರಿ, ಈಗ ಎದರಾ ಬಸ್ ಬರತೈತಿ. ಬರಾವ್ರು ಬರ್ರಿ. ಕೊಟ್ರಪ್ಪನ ಗಿರಣ್ಯಾಗ ನಾನ ನಿಂತು ಬೀಸಿಸಿ ಕೊಡ್ತೀನಿ."

ಸಾಬರು ಕೆಳಗಿಳಿದು, ಬಸ್ಸಿನ ಹಿಂದೆ ಹೋಗಿ ಏಣಿಯ ಅರಿವೆಯನ್ನು ತಾವೇ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡರು. ಕಂಡಕ್ಟರು ಸೈಕಲ್ಲನ್ನು ಬಸ್ಸಿನ ಮೇಲೇರಿಸಿದ. ಒಬ್ಬರೂ ಇಳಿಯಲಿಲ್ಲ.

ಕೊಟ್ರಪ್ಪನವರ ಬಾಗಿಲಿಗೆ ನಾನೂ ಹೋದೆ. ಮನೆಗೆ ಹೋಗಲು ಕಾಲು ಬರಲಿಲ್ಲ. ಇಪ್ಪತ್ತು ಡಬ್ಬಿಗಳ ಸಾಲಿನ ಮುಂದೆ ಸಾಬರನ್ನು ಕಂಡು ಕೊಟ್ರಪ್ಪನವರು ಬಾಯಿ ತೆರೆದು ನಿಂತರು.

"ಏನು ಸಾಬ್ರ, ದಾರಿ ತಪ್ಪೇತೇನು?"

"ಇಲ್ಲಪ. ಇವ್ರು ನನ್ನ ಮಾತು ನಂಬಿ ಬಂದಾರ. ಇವತ್ತೊಂದಿನ ನಿನ್ನ ಕಲ್ಲು ಕೊಡು."

ಕೊಟ್ರಪ್ಪನವರು ಸ್ವಲ್ಪ ಹೊತ್ತು ಅವರ ಮುಖವನ್ನೇ ನೋಡಿದರು. ಅವರೂ ಆ ಹುಬ್ಬು ನೋಡಿದ್ದು ಅದೇ ಮೊದಲಿರಬೇಕು. ಆಮೇಲೆ ಪಕ್ಕಕ್ಕೆ ಸರಿದು, "ಬಾರಪ, ನೀನ ನಿಲ್ಲು. ನಿನ್ನ ಮಂದಿ ಹಲ್ಲು ನಿನಗ ಗೊತ್ತು," ಎಂದರು.

ಅವತ್ತು ಹುಸೇನಸಾಬರು ಪರರ ಗಿರಣಿಯಲ್ಲಿ ನಿಂತು ಒಬ್ಬೊಬ್ಬರಿಗೂ ಕಲ್ಲು ಬಿಗಿ ಮಾಡಿ, ಸಡಿಲು ಮಾಡಿ ಬೀಸಿದರು. ಹನುಮಕ್ಕನ ರೊಟ್ಟಿ ಹಿಟ್ಟು ಕಾಡಿಗೆಯಂತಿರಬೇಕು. ಅವಳ ಓಣಿಯ ಮುದುಕಪ್ಪನಿಗೆ ನುಚ್ಚು ದಪ್ಪಗಿರಬೇಕು. ಅಂಗೈಯಲ್ಲಿ ಹಿಟ್ಟು ಹಿಡಿದು ಹೆಬ್ಬೆರಳಿನಿಂದ ಸವರಿ ನೋಡಿ, ತಲೆಯಾಡಿಸಿದ ಮೇಲೆಯೇ ಡಬ್ಬಿ ಮುಚ್ಚುತ್ತಿದ್ದರು. ಸಂಜೆಯ ಬಸ್ಸಿಗೆ ಎಲ್ಲರನ್ನೂ ಹತ್ತಿಸಿ ಬಂದು ತಮ್ಮ ಗಿರಣಿಯ ಕಟ್ಟೆಯ ಮೇಲೆ ಕೂತರು. ಹುಬ್ಬು ಮತ್ತೆ ಬೆಳ್ಳಗಾಗಿತ್ತು, ಆದರೆ ಅದು ಕೊಟ್ರಪ್ಪನವರ ಗಿರಣಿಯ ಹಿಟ್ಟು.

"ಡೀಸೆಲ್ ಗಿರಣಿ ದಾರಿ ನಾನ ತೋರಿಸಿ ಬಂದೆ ಅಕ್ಕೋರೇ," ಎಂದರು. "ಇನ್ನ ನನ್ನ ಅರಿವಿ ಯಾರು ನೋಡ್ತಾರ?"

ಎರಡು ಚಾಕ್‌ಪೀಸು ಕೊಟ್ಟು ಮನೆಗೆ ಹೋದೆ.

ಮೋಟರಿಗೆ ಹೊಸ ತಂತಿ ಸುತ್ತಿಸಿ ಗಿರಣಿ ಮತ್ತೆ ಶುರುವಾದದ್ದು ಗುರುವಾರ. ಅಂದು ನಾನು ಶಾಲೆಯಲ್ಲಿದ್ದೆ. ಹತ್ತೂವರೆಯ ಬಸ್ಸಿನ ಸದ್ದು ಕೇಳಿದ್ದೇ ತಡ, ಪಾಠ ಬಿಟ್ಟು ಕಿಟಕಿಗೆ ಬಂದೆ. ಏಣಿಯಲ್ಲಿ ಅರಿವೆ ಇತ್ತು. ನೋಡುತ್ತ ನಿಂತೆ. ರಸ್ತೆ ಖಾಲಿ. ಹಬ್ಬದ ಹಿಟ್ಟು ಇನ್ನೂ ಮುಗಿದಿಲ್ಲವೇನೋ ಎಂದು ನನಗೆ ನಾನೇ ಹೇಳಿಕೊಂಡೆ. ಆಗ ಹಿಂದಿನ ಮನೆಯ ಬಾಗಿಲು ತೆರೆದ ಸದ್ದಾಯಿತು. ತಲೆಯ ಮೇಲೆ ಡಬ್ಬಿ, ಕಂಕುಳಲ್ಲಿ ಇನ್ನೊಂದು ಗಂಟು, ಹನುಮಕ್ಕ ಹೊರಟಿದ್ದಳು.

"ಎಲ್ಲಿಗಿ, ಡೀಸೆಲ್ ಗಿರಣಿಗೇನು?" ಪಕ್ಕದ ಮನೆಯವಳು ಕೇಳಿದಳು.

"ಅಲ್ಲಿಗ್ಯಾಕ ಹೋಗ್ಲಿ? ಏಣಿ ಮ್ಯಾಲ ಅರಿವಿ ಐತಿ ಅಂದ್ರ ಗಿರಣಿ ಐತಿ. ಇಲ್ಲಂದ್ರ ಆ ಹುಸೇನ ದಾರ್ಯಾಗ ಅಡ್ಡ ನಿಂತು ಹೇಳ್ತಾನ. ನಡಿ ನೀನೂ."

ಕೂಗಿದ್ದು ಪಕ್ಕದವಳಿಗಾದರೂ ಕೇಳಿದ್ದು ಊರಿಗೆ. ಬಸ್ಸು ಹೊರಡುವಷ್ಟರಲ್ಲಿ ಒಂಬತ್ತು ಡಬ್ಬಿ ಎಣಿಸಿದೆ. ಮಕ್ಕಳು ಏನು ಕೇಳಿದರೋ, ನಾನು ಎಲ್ಲದಕ್ಕೂ ಹೂಂ ಎಂದೆ.

ಅಂದಿನಿಂದ ಗಿರಣಿಯಲ್ಲಿ ಎರಡು ಅರಿವೆಗಳಾದವು. ಬಿಳಿಯದು ಕಟ್ಟಿದ ಮೇಲೆ ಏನಾದರೂ ಕೆಟ್ಟರೆ ಮುಂದಿನ ಬಸ್ಸಿಗೆ ಹಳೆಯ ಸೀರೆಯ ಕೆಂಪು ತುಂಡು. "ಬರ್ರಿ ಅಂತ ಎಲ್ಲಾರೂ ಕರೀತಾರ ಅಕ್ಕೋರೇ. ಬರಬ್ಯಾಡ್ರಿ ಅಂತ ಹೇಳಾಕ ಯಾರೂ ಬರಂಗಿಲ್ಲ," ಎನ್ನುತ್ತಿದ್ದರು.

ನನಗೆ ಕೂಡ್ಲಿಗಿಗೆ ವರ್ಗವಾಗಿ ಎಷ್ಟೋ ವರ್ಷಗಳಾದ ಮೇಲೆ, ಎಲ್ಲರ ಕೈಗೂ ಮೊಬೈಲು ಬಂದಿದ್ದ ಕಾಲದಲ್ಲಿ, ಒಮ್ಮೆ ಹಡಗಲಿಗೆ ಹೋಗಿದ್ದೆ. ಗಿರಣಿಯಲ್ಲಿ ಅವರ ಮಗಳು ಶಾಹೀನ ನಿಂತಿದ್ದಳು. ಸಾಬರು ಕಟ್ಟೆಯ ಮೇಲೆ, ಒಗೆದ ಜುಬ್ಬಾ ತೊಟ್ಟು ಕೂತಿದ್ದರು. ಮುಖದಲ್ಲಿ ಹಿಟ್ಟಿನ ಕಣವಿಲ್ಲ; ಹುಬ್ಬು ಮಾತ್ರ ಬೆಳ್ಳಗಿತ್ತು.

"ಈಗ ಕರೀರಿ ಅಜ್ಜ ಅಂತ. ನಮ್ಮಾಕೀನೂ ಒಪ್ಪತಾಳ," ಎಂದರು.

ಶಾಹೀನ ಮೊಬೈಲಿನಲ್ಲಿ ಗಿರಾಕಿಗಳಿಗೆಲ್ಲ ಒಟ್ಟಿಗೆ ಮೆಸೇಜು ಕಳಿಸುತ್ತಿದ್ದಳು, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ. ಜನ ತಿರುಗಿ ಬರೆಯುತ್ತಿದ್ದರು: ಪಾಳಿ ಎಷ್ಟೈತಿ, ಖಾರ ಕುಟ್ಟತೀರೇನು, ನಿನ್ನಿ ಹಿಟ್ಟು ತರಿ ಆಗೇತಿ. ಸಾಬರು ಒಂದೊಂದನ್ನೂ ಓದಿಸಿಕೊಂಡು ಉತ್ತರ ಬರೆಸುತ್ತಿದ್ದರು. "ಕರೆಂಟ್ ಹೋದ್ರ ಅದನ್ನೂ ಹಾಕಬೇಕವಾ ಮತ್ತ," ಎಂದು ಅವಳಿಗೆ ನನ್ನೆದುರಿಗೇ ಎರಡು ಸಲ ಹೇಳಿದರು. ಹೊರಡುವಾಗ ನನ್ನ ನಂಬರನ್ನೂ ಅದರಲ್ಲಿ ಸೇರಿಸಲು ಹೇಳಿದರು.

ಅಂದಿನಿಂದ ಕೂಡ್ಲಿಗಿಯಲ್ಲಿ ಕೂತು ಹಡಗಲಿಯ ಕರೆಂಟು ಬಂದದ್ದು, ಹೋದದ್ದು ನನಗೆ ತಿಳಿಯುತ್ತಿತ್ತು. ಒಂದು ಬೆಳಿಗ್ಗೆ ಬಂದ ಮೆಸೇಜು ಹೀಗಿತ್ತು: "ನಮ್ಮ ಅಬ್ಬಾ ಹ್ವಾದ್ರು. ಮೂರು ದಿನ ಗಿರಣಿ ಬಂದ್. ಯಾರೂ ಡಬ್ಬಿ ಹೊತ್ತು ಬರಬ್ಯಾಡ್ರಿ." ಅಂದೇ ಹೋಗಿ ಶಾಹೀನಳ ಕೈ ಹಿಡಿದು ಕೂತು ಬಂದೆ. ಮಾಗಳದ ಹೆಂಗಸರೆಲ್ಲ ಬಂದಿದ್ದರು, ಬರಿಗೈಯಲ್ಲಿ.

ನಾಲ್ಕನೆಯ ದಿನ ಬೆಳಿಗ್ಗೆಯಿಂದ ಮೊಬೈಲನ್ನು ಕೈಯಿಂದ ಬಿಡಲಿಲ್ಲ. ಹತ್ತರ ಸುಮಾರಿಗೆ ಬಂತು: "ಕರೆಂಟ್ ಬಂದೈತಿ. ಗಿರಣಿ ಚಾಲೂ. ಬರ್ರಿ."

ನಮ್ಮ ಮನೆಯ ಮಗ್ಗುಲಲ್ಲೇ ಒಂದು ಗಿರಣಿಯಿದೆ. ಆದರೂ ಜೋಳ ಹಸನು ಮಾಡಿ, ಡಬ್ಬಿಗೆ ತುಂಬಿ, ಮುಚ್ಚಳ ಒತ್ತಿ, ಹಡಗಲಿಯ ಬಸ್ಸು ಹತ್ತಿದೆ.